ತೂತು ಮಾಡೋದು ಸುಲಭ, ತೂತನ್ನ ತೆರೆದಿಡೋದೇ ಕಷ್ಟ: ಕ್ಯಾನ್ಯುಲಾ ಅನ್ನೋ ಕೊಳವೆಯ ಕಥೆ

(ಉಪನ್ಯಾಸದಲ್ಲಿ ಆಡಿದ ಮಾತನ್ನೇ ಬರೆದು ಹಾಕಿದೀನಿ. ಸ್ಲೈಡು ತೋರಿಸಿ ಸುಮ್ಮನಾದ ಕಡೆ ಒಂದೆರಡು ಸಾಲು ಸೇರಿಸಿದೀನಿ, ಕೊನೇಲಿ ಬಂದ ಪ್ರಶ್ನೆಗಳಲ್ಲಿ ಎರಡನ್ನ ಮಾತ್ರ ಇಟ್ಕೊಂಡಿದೀನಿ.)

ಎಲ್ಲರಿಗೂ ನಮಸ್ಕಾರ. ಆಸ್ಪತ್ರೇಲಿ ಅಡ್ಮಿಟ್ ಆದವರ ಕೈಮೇಲೆ ಪ್ಲಾಸ್ಟರ್ ಅಂಟಿಸಿ ಅದರಡಿ ಗುಲಾಬಿನೋ ಹಸಿರೋ ಬಣ್ಣದ ಒಂದು ಪುಟ್ಟ ಸಾಮಾನು ಕೂರಿಸಿರ್ತಾರೆ, ನೀವೆಲ್ಲ ನೋಡಿರ್ತೀರಿ. ಅದೇ ಕ್ಯಾನ್ಯುಲಾ. ಅದನ್ನ ಹಾಕಿಸ್ಕೊಂಡವರು ತುಂಬ ಜನ ಆ ಕೈಯನ್ನ ಅಲ್ಲಾಡಿಸೋಕೇ ಹೆದರ್ತಾರೆ, ಒಳಗೆ ಸೂಜಿ ಇದೆ, ಎಲ್ಲಿ ಚುಚ್ಚಿಬಿಡುತ್ತೋ ಅಂತ. ಒಳಗೆ ಸೂಜಿ ಇರಲ್ಲ. ಹಾಕಿದ ನಿಮಿಷದಲ್ಲೇ ಸೂಜಿ ಹೊರಗೆ ಬಂದು ಚೂಪು ಸಾಮಾನು ಬಿಸಾಡೋ ಶಾರ್ಪ್ಸ್ ಡಬ್ಬಿ ಸೇರಿರುತ್ತೆ, ಒಳಗೆ ಉಳಿಯೋದು ಬರೀ ಮೆತ್ತನೆಯ ಪ್ಲಾಸ್ಟಿಕ್ ಕೊಳವೆ.

ಅದನ್ನ ಹಾಕೋ ರೀತಿ ಸ್ವಲ್ಪ ಹತ್ರದಿಂದ ನೋಡೋಣ, ಯಾಕಂದ್ರೆ ಇಡೀ ಕಥೆ ಅದರಲ್ಲೇ ಇದೆ. ಕವರ್ ತೆಗೆದ್ರೆ ಒಳಗೆ ಸ್ಟೀಲ್ ಸೂಜಿ, ಅದರ ಮೇಲೆ ಬಿಗಿಯಾಗಿ ಕೂತ ಪ್ಲಾಸ್ಟಿಕ್ ಕೊಳವೆ, ಬಾಲ್‌ಪೆನ್ನಿಂದ ರೀಫಿಲ್ ತುದಿ ಇಣುಕೋ ಹಾಗೆ ಸೂಜಿಯ ಮೊನೆ ಮಾತ್ರ ಒಂದೆರಡು ಮಿಲಿಮೀಟರ್ ಮುಂದೆ ಚಾಚಿರುತ್ತೆ. ಸಿಸ್ಟರ್ ಚುಚ್ಚಿದ ತಕ್ಷಣ ಹಿಂದಿರೋ ಪಾರದರ್ಶಕ ಗೂಡಲ್ಲಿ ರಕ್ತ ಕಾಣುತ್ತೆ. ಹೊಸಬರು ಇಲ್ಲೇ ಎಡವೋದು, ರಕ್ತ ಬಂತಲ್ಲ ಅಂತ ಖುಷಿಯಿಂದ ಸೂಜಿ ಎಳೆದುಬಿಡ್ತಾರೆ. ಆದ್ರೆ ಆ ಕ್ಷಣದಲ್ಲಿ ನಾಳದೊಳಗೆ ಇರೋದು ಸೂಜಿಯ ಮೊನೆ ಅಷ್ಟೇ, ಪ್ಲಾಸ್ಟಿಕ್ಕಿನ ತುದಿ ಇನ್ನೂ ಹೊರಗೇ ಇರುತ್ತೆ. ಹಾಗಾಗಿ ಕೈ ಪಳಗಿದವರು ರಕ್ತ ಕಂಡಮೇಲೆ ಸೂಜಿಯ ಓರೆ ತಗ್ಗಿಸಿ, ಚರ್ಮಕ್ಕೆ ಹತ್ರ ಮಲಗಿಸಿ, ಇನ್ನೊಂದೆರಡು ಮಿಲಿಮೀಟರ್ ಒಳಗೆ ಬಿಟ್ಟು, ಆಮೇಲೆ ಸೂಜಿಯನ್ನ ಅಲ್ಲೇ ಹಿಡಿದು ಕೊಳವೆಯನ್ನ ಮಾತ್ರ ಮುಂದಕ್ಕೆ ಜಾರಿಸ್ತಾರೆ. ಒಳಗೆ ಹೋದ ಕೊಳವೆಯ ತುದಿ ಇರೋ ಜಾಗದಲ್ಲಿ ಚರ್ಮದ ಮೇಲೆ ಬೆರಳು ಒತ್ತಿ ಹಿಡಿದು ಸೂಜಿ ಎಳೆದು ಮುಚ್ಚಳ ಹಾಕ್ತಾರೆ. ಚೂಪಾದದ್ದು ದಾರಿ ಮಾಡಿ ಹೊರಗೆ ಬರಬೇಕು, ಮೊಂಡಾದದ್ದು ಒಳಗೆ ಉಳಿದು ದಾರಿ ಕಾಯಬೇಕು.

ಕ್ಯಾನ್ಯುಲಾ ಅಂದ್ರೆ ಲ್ಯಾಟಿನ್ನಲ್ಲಿ ಸಣ್ಣ ಜೊಂಡು, ಟೊಳ್ಳಾದ ಕಡ್ಡಿ, ಅಷ್ಟೇ ಅರ್ಥ. ಒಳಗೆ ಹೋಗೋ ಮೂರು ಅಂಚಿನ ಚೂಪು ಮೊನೆಯ ಸರಳಿಗೆ ಟ್ರೋಕಾರ್ ಅಂತಾರೆ. ಇವತ್ತಿಗೂ ಉದರದರ್ಶಕ ಆಪರೇಷನ್ನು ಅಂದ್ರೆ ಲ್ಯಾಪರೋಸ್ಕೋಪಿಲಿ ಹೊಟ್ಟೆಗೆ ಹಾಕೋದು ಇದೇ ಜೋಡಿ. ಮೂತ್ರಕ್ಕೆ ಹಾಕೋ ಕ್ಯಾತಿಟರ್‌ದು ದೊಡ್ಡ ಕಥೆ, ಅದು ಇನ್ನೊಂದು ದಿನಕ್ಕೆ ಇರಲಿ. ಇವತ್ತು ತೂತು ಕೊರೆದು ಹಾಕೋ ಕೊಳವೆ ಮಾತ್ರ. ಮೈಗೆ ತೂತು ಮಾಡೋದಕ್ಕೆ ಹೆಚ್ಚು ಬುದ್ಧಿ ಬೇಡ, ಈಟಿ ಭರ್ಜಿ ಇದ್ದ ಕಾಲದಿಂದ ಮನುಷ್ಯನಿಗೆ ಗೊತ್ತಿದ್ದದ್ದೇ. ಆ ತೂತು ಮುಚ್ಚದಂತೆ ನೋಡ್ಕೊಳ್ಳೋದು, ಕೊಳವೆ ಒಳಗೆ ಜಾರದಂತೆ, ಹೊರಗೆ ಬೀಳದಂತೆ, ಕಟ್ಟದಂತೆ, ಅದರಲ್ಲಿ ಹರಿಯೋದು ಅತಿ ವೇಗವಾಗಿ ಹರಿಯದಂತೆ ನೋಡ್ಕೊಳ್ಳೋದು, ಇದಕ್ಕೇ ಎರಡು ಸಾವಿರ ವರ್ಷ ಹಿಡೀತು.

ಸುಶ್ರುತ ಸಂಹಿತೆಯಿಂದ ಶುರು ಮಾಡೋಣ. ಅದರಲ್ಲಿ 101 ಯಂತ್ರಗಳ ಲೆಕ್ಕ ಇದೆ, ಅದರಲ್ಲಿ 20 ನಾಡೀಯಂತ್ರಗಳು, ಅಂದ್ರೆ ಕೊಳವೆ ಜಾತಿಯವು. ಇದನ್ನ ಹೇಳಿದ ಕೂಡಲೇ ನಮ್ಮಲ್ಲಿ ಕೆಲವರು ಎಲ್ಲವನ್ನೂ ನಾವೇ ಕಂಡುಹಿಡಿದಿದ್ದು ಅಂತ ಎದೆ ಉಬ್ಬಿಸ್ತಾರೆ, ಇನ್ನು ಕೆಲವರು ಇದೆಲ್ಲ ಬರೀ ಪುರಾಣ ಅಂತ ಮೂಗು ಮುರೀತಾರೆ. ಎರಡೂ ಕಡೆಯವರು ಮೂಲ ತೆಗೆದು ಓದಿರಲ್ಲ ಅನ್ನೋದು ನನ್ನ ಅನಿಸಿಕೆ. ಓದಿದ್ರೆ ಜಲೋದರದ ಭಾಗ ನೋಡಿ, ಅಂದ್ರೆ ಹೊಟ್ಟೆಯಲ್ಲಿ ನೀರು ತುಂಬೋ ಕಾಯಿಲೆ. ರೋಗಿಗೆ ಎಣ್ಣೆ ಹಚ್ಚಿ, ಬಿಸಿನೀರಿನ ಶಾಖ ಕೊಟ್ಟು, ನಂಬಿಕೆಯ ಜನ ಅವನನ್ನ ಗಟ್ಟಿಯಾಗಿ ಹಿಡ್ಕೋಬೇಕು. ಹೊಕ್ಕಳ ಕೆಳಗೆ, ಎಡಗಡೆ, ಹೊಟ್ಟೆ ನಡುವಿನ ರೋಮದ ಗೆರೆಯಿಂದ ನಾಲ್ಕು ಬೆರಳು ದೂರ ಬಿಟ್ಟು, ವ್ರೀಹಿಮುಖ ಅನ್ನೋ ಭತ್ತದ ಕಾಳಿನ ಮೊನೆಯ ಶಸ್ತ್ರದಿಂದ ಹೆಬ್ಬೆರಳಿನಷ್ಟು ಆಳ ಚುಚ್ಚಬೇಕು. ಆಮೇಲೆ ತವರ ಮೊದಲಾದ ಲೋಹದ ಎರಡು ಬಾಯಿಯ ಕೊಳವೆ ಅಥವಾ ಹಕ್ಕಿಗರಿಯ ದಂಟು ಕೂರಿಸಿ ನೀರು ಬಿಡಬೇಕು.

ನೀರು ತೆಗೆಯೋಕೆ ಇವತ್ತು ಡಾಕ್ಟರು ಹೊಟ್ಟೆಯ ಯಾವ ಕಡೆ ಆರಿಸ್ಕೊಳ್ತಾರೆ ಗೊತ್ತಾ? ಹೆಚ್ಚಾಗಿ ಕೆಳಗಡೆ ಎಡಭಾಗವನ್ನೇ, ಅಲ್ಲಿ ಹೊಟ್ಟೆಯ ಗೋಡೆ ತೆಳ್ಳಗೆ, ನೀರಿನ ಮಡು ಆಳ ಅಂತ. ಈಗ ಅಲ್ಟ್ರಾಸೌಂಡ್ ಇಟ್ಟು ನೋಡ್ತಾರೆ ಅನ್ನೋದು ಬೇರೆ ಮಾತು.

ಆದ್ರೆ ನನಗೆ ಚುಚ್ಚೋ ಜಾಗಕ್ಕಿಂತ ಅದರ ಮುಂದಿನ ಮಾತು ದೊಡ್ಡದು. ಒಂದೇ ದಿನ ಎಲ್ಲ ನೀರೂ ತೆಗೀಬೇಡ ಅಂತ ಗ್ರಂಥ ಹೇಳುತ್ತೆ. ಒಮ್ಮೆಲೇ ತೆಗೆದ್ರೆ ಬಾಯಾರಿಕೆ, ಜ್ವರ, ಮೈಕೈ ನೋವು, ಭೇದಿ, ಉಬ್ಬಸ, ಕೆಮ್ಮು, ಕಾಲುರಿ ಬರುತ್ತೆ, ಶಕ್ತಿ ಇಲ್ಲದವನಿಗೆ ಹೊಟ್ಟೆ ಮೊದಲಿಗಿಂತ ಜಾಸ್ತಿ ತುಂಬ್ಕೊಳ್ಳುತ್ತೆ. ಅದಕ್ಕೇ ಮೂರು, ನಾಲ್ಕು, ಐದು, ಹೀಗೆ ಹದಿನಾರು ರಾತ್ರಿವರೆಗೂ ಬಿಡುವು ಕೊಟ್ಟು ಸ್ವಲ್ಪ ಸ್ವಲ್ಪವೇ ತೆಗಿ, ಪ್ರತಿಸಲ ಉಣ್ಣೆನೋ ರೇಷ್ಮೆನೋ ಚರ್ಮನೋ ತಗೊಂಡು ಹೊಟ್ಟೆಯನ್ನ ಬಿಗಿಯಾಗಿ ಸುತ್ತು ಅಂತ. ಈಗ ನಮಗೆ ಕಾರಣ ಗೊತ್ತು. ಲೀಟರ್‌ಗಟ್ಟಲೆ ನೀರು ಒಟ್ಟಿಗೆ ತೆಗೆದ್ರೆ ಹೊಟ್ಟೆಯೊಳಗಿನ ಒತ್ತಡ ಬಿದ್ದು, ರಕ್ತನಾಳಗಳು ಸಡಿಲಾಗಿ, ರಕ್ತಪರಿಚಲನೆ ಏರುಪೇರಾಗಿ, ಕಿಡ್ನಿಗೆ ಪೆಟ್ಟು ಬೀಳಬಹುದು, ನೀರೂ ಬೇಗ ವಾಪಸ್ ತುಂಬುತ್ತೆ. ಅದಕ್ಕೇ ಲಿವರ್ ಕೆಟ್ಟವರಲ್ಲಿ 5 ಲೀಟರ್‌ಗಿಂತ ಹೆಚ್ಚು ತೆಗೆಯೋದಾದ್ರೆ, ತೆಗೆದ ಪ್ರತಿ ಲೀಟರ್‌ಗೆ ಸುಮಾರು 8 ಗ್ರಾಂ ಲೆಕ್ಕದಲ್ಲಿ ಅಲ್ಬುಮಿನ್ ಅನ್ನೋ ರಕ್ತದ ಪ್ರೋಟೀನನ್ನ ಏರಿಸ್ತಾರೆ. ಆ ಕಾಲದವರ ಹತ್ರ ಅಲ್ಬುಮಿನ್ ಇರಲಿಲ್ಲ, ಕೊಳವೆ ಇತ್ತು, ತಾಳ್ಮೆ ಇತ್ತು. ಬರೀ ಸೀಳಿ ಬಿಟ್ಟಿದ್ರೆ ನೀರು ಎಷ್ಟು ಹೋಗಬೇಕು ಅನ್ನೋದು ವೈದ್ಯನ ಕೈಲಿರ್ತಿರಲಿಲ್ಲ. ಕೊಳವೆ ಇದ್ರೆ ಬೇಕಾದಾಗ ನಿಲ್ಲಿಸಬಹುದು.

ಇದೇ ಕಾಯಿಲೆಗೆ ರೋಮ್‌ನಲ್ಲಿ ವೈದ್ಯಗ್ರಂಥ ಬರೆದ 1ನೇ ಶತಮಾನದ ಸೆಲ್ಸಸ್ ಸೀಸದ ಇಲ್ಲಾ ಕಂಚಿನ ಕೊಳವೆ ಹೇಳ್ತಾನೆ. ಅದರ ಬಾಯಂಚು ಹೊರಕ್ಕೆ ಬಾಗಿರಬೇಕು, ಇಲ್ಲಾಂದ್ರೆ ನಡುವೆ ಒಂದು ಬಳೆ ಇರಬೇಕು, ಕೊಳವೆ ಪೂರ್ತಿ ಹೊಟ್ಟೆಯೊಳಗೆ ಜಾರಿಹೋಗಬಾರದು ಅಂತ. ಯಾರದೋ ಹೊಟ್ಟೆಯೊಳಗೆ ಒಂದು ಕೊಳವೆ ಜಾರಿ ಕಾಣೆಯಾದಮೇಲೇ ಈ ಸಾಲು ಬರೆದಿದ್ದಿರಬೇಕು ಅಂತ ನನ್ನ ಊಹೆ. ಸೆಲ್ಸಸ್ ಮೊದಲ ದಿನವೇ ಹೆಚ್ಚಿನ ಪಾಲು ನೀರು ಬಿಟ್ಟು, ಕೊಳವೆಗೆ ಬಟ್ಟೆ ತುರುಕಿ ಮುಚ್ಚಿ ಅಲ್ಲೇ ಬಿಟ್ಟು, ಆಮೇಲೆ ದಿನಕ್ಕೆ ಒಂದೊಂದು ಅಳತೆ ತೆಗೀಬೇಕು ಅಂತಾನೆ. ಸುಶ್ರುತದ ಪದ್ಧತಿ ಪ್ರತಿಸಲ ಕೊಳವೆ ತೆಗೆದು ಗಾಯಕ್ಕೆ ಎಣ್ಣೆ ಉಪ್ಪು ಸವರಿ ಕಟ್ಟೋದು. ಸೋಂಕಿನ ದೃಷ್ಟಿಯಿಂದ ನೋಡಿದ್ರೆ ನನ್ನ ವೋಟು ಎರಡನೆಯದಕ್ಕೆ.

ಈಗ ಗಂಟಲಿಗೆ ಬರ್ತೀನಿ, ಇಲ್ಲಿ ಕೊಳವೆ ಇಲ್ಲಾಂದ್ರೆ ಲೆಕ್ಕ ನಿಮಿಷಗಳದ್ದು. ಶ್ವಾಸನಾಳಕ್ಕೆ ತೂತು ಕೊರೆದು ರೋಗಿ ಬದುಕಿದ್ದರ ಮೊದಲ ಸ್ಪಷ್ಟ ದಾಖಲೆ 1546ರದ್ದು, ಇಟಲಿಯ ಬ್ರಾಸಾವೋಲಾ ಮಾಡಿದ್ದು. ಪಾದುವಾದಲ್ಲಿ ಪಾಠ ಮಾಡ್ತಿದ್ದ ಫ್ಯಾಬ್ರಿಸಿಯಸ್ ಇದಕ್ಕೆ ಒಂದು ಗಿಡ್ಡ ನೇರ ಕೊಳವೆ ಹೇಳಿದ, ಎರಡು ಕಡೆ ರೆಕ್ಕೆ ಇರೋದು, ಅದೇ ಒಳಗೆ ಜಾರೋ ಭಯಕ್ಕೆ. ನೇರ ಕೊಳವೆ ಸ್ವಲ್ಪ ಉದ್ದ ಆದ್ರೂ ಹೋಗಿ ಶ್ವಾಸನಾಳದ ಹಿಂದಿನ ಗೋಡೆಗೆ ಮುಟ್ಟುತ್ತೆ, ಗಿಡ್ಡ ಆದ್ರೆ ಕೆಮ್ಮಿಗೆ ಹಾರಿಬೀಳುತ್ತೆ. ಆತನ ಶಿಷ್ಯ ಕ್ಯಾಸೇರಿಯಸ್ ಬಾಗಿದ ಕೊಳವೆಯ ಚಿತ್ರ ಬರೆದ. ಇವತ್ತು ಈ ತೂತಿಗೆ ಹಾಕೋ ಟ್ರಾಕಿಯಾಸ್ಟಮಿ ಟ್ಯೂಬು ಬಾಗಿರೋದು, ಅದಕ್ಕೆ ಎರಡು ಕಡೆ ಕಿವಿ ಇದ್ದು ಅದರಿಂದ ಕುತ್ತಿಗೆಗೆ ಪಟ್ಟಿ ಕಟ್ಟೋದು, ಎರಡೂ ಆ ಕಾಲದ ಬಳುವಳಿ.

ಉಳಿದದ್ದು ಕಟ್ಟಿಕೊಳ್ಳೋ ಸಮಸ್ಯೆ. ಕಫ ಒಣಗಿ ಕೊಳವೆ ಮುಚ್ಚಿದ್ರೆ ತೆಗೆದು ತೊಳೀಬೇಕು, ತೆಗೆದ್ರೆ ತೂತು ಮುಚ್ಚಿ ಉಸಿರು ನಿಲ್ಲುತ್ತೆ, ತೆಗೀದಿದ್ರೂ ನಿಲ್ಲುತ್ತೆ. 1730ರಲ್ಲಿ ಸ್ಕಾಟ್ಲೆಂಡಿನ ಜಾರ್ಜ್ ಮಾರ್ಟೀನ್ ಇಂಥ ಒಬ್ಬ ರೋಗಿಯ ವರದಿ ಬರೀತಾ, ಜೊತೇಲಿದ್ದವರೊಬ್ಬರು ಕೊಟ್ಟ ಸಲಹೆ ದಾಖಲಿಸ್ತಾನೆ: ಕೊಳವೆಯೊಳಗೆ ಇನ್ನೊಂದು ಕೊಳವೆ ಇಡಿ, ಒಳಗಿನದನ್ನ ಮಾತ್ರ ತೆಗೆದು ತೊಳೆದು ಹಾಕಿ. ಎಷ್ಟು ಸರಳ ನೋಡಿ! ಇವತ್ತು ಮನೇಲಿ ಟ್ರಾಕಿಯಾಸ್ಟಮಿ ರೋಗಿಯನ್ನ ನೋಡ್ಕೊಳ್ಳೋರು ದಿನಾ ಒಳ ಟ್ಯೂಬು ತೆಗೆದು ಬ್ರಷ್ ಹಾಕಿ ತೊಳೆಯೋದು ಇದೇ ಉಪಾಯದಿಂದ.

ಆದ್ರೂ ಡಾಕ್ಟರುಗಳಿಗೆ ಈ ಆಪರೇಷನ್ ಅಂದ್ರೆ ಭಯ ಹೋಗಲಿಲ್ಲ. 1799ರ ಡಿಸೆಂಬರ್ 14ರಂದು ಜಾರ್ಜ್ ವಾಷಿಂಗ್ಟನ್ ಗಂಟಲು ಊದಿ ಉಸಿರು ಸಿಗದೆ ಒದ್ದಾಡ್ತಿದ್ದಾಗ ಮೂವರು ಡಾಕ್ಟರು ಇದ್ರು, ಅವರಲ್ಲಿ ಚಿಕ್ಕವನಾದ ಎಲಿಶಾ ಡಿಕ್ ಶ್ವಾಸನಾಳ ತೆರೆಯೋಣ ಅಂದ. ಹಿರಿಯರು ಒಪ್ಪಲಿಲ್ಲ, ರಕ್ತ ತೆಗೆಯೋದನ್ನ ಮಾತ್ರ ಮತ್ತೆ ಮತ್ತೆ ಮಾಡಿದ್ರು, ವಾಷಿಂಗ್ಟನ್ ಅವತ್ತು ರಾತ್ರಿಯೇ ತೀರಿಕೊಂಡ್ರು. ಅಂಜಿಕೆ ಮುರಿದದ್ದು ಗಂಟಲಮಾರಿ, ಅಂದ್ರೆ ಡಿಫ್ತೀರಿಯಾ. ಫ್ರಾನ್ಸಿನ ಬ್ರೆಟೊನ್ಯೂ 1825ರಲ್ಲಿ ಒಂದು ಮಗುವನ್ನ ಹೀಗೆ ಉಳಿಸಿದ, ಆತನ ಶಿಷ್ಯ ಟ್ರೂಸೋ ಮುಂದೆ 200ಕ್ಕೂ ಹೆಚ್ಚು ಮಕ್ಕಳಿಗೆ ಮಾಡಿ ಸುಮಾರು ಕಾಲು ಭಾಗ ಮಕ್ಕಳನ್ನ ಬದುಕಿಸಿದ್ದೀನಿ ಅಂತ ಬರೆದ. ನಾಲ್ಕರಲ್ಲಿ ಮೂರು ಮಕ್ಕಳು ಸತ್ತಿದ್ದನ್ನ ಸಾಧನೆ ಅಂತೀರಾ ಅಂತ ಕೇಳಬೇಡಿ, ಆ ಮಕ್ಕಳು ಕಣ್ಣೆದುರೇ ಕಟ್ಟುಸಿರಲ್ಲಿ ಸಾಯ್ತಿದ್ದವು.

ಇಲ್ಲಿವರೆಗೆ ಬಂದಿದ್ದು ಹೆಚ್ಚಾಗಿ ತವರ, ಸೀಸ, ಕಂಚು, ಬೆಳ್ಳಿ. ಲೋಹ ಮೈಗೆ ಹೊಂದ್ಕೊಳ್ಳಲ್ಲ, ಒತ್ತಿ ಒತ್ತಿ ಹುಣ್ಣು ಮಾಡುತ್ತೆ. ಗಂಧಕ ಸೇರಿಸಿ ಬೇಯಿಸಿದ ರಬ್ಬರ್ ಬಂದಮೇಲೆ ಆಟ ಬದಲಾಯ್ತು. 1859ರಲ್ಲಿ ಪ್ಯಾರಿಸ್ಸಿನ ಶಸೆನ್ಯಾಕ್ ಉದ್ದಕ್ಕೂ ತೂತಿರೋ ರಬ್ಬರ್ ಕೊಳವೆಯಿಂದ ಕೀವು ಹರಿಸೋದರ ಬಗ್ಗೆ ದೊಡ್ಡ ಗ್ರಂಥ ಬರೆದ. ಜೌಗು ಹೊಲದಿಂದ ನೀರು ಬಸಿಯೋ ಕೃಷಿ ಕೆಲಸದ ಡ್ರೈನೇಜ್ ಪದ ಸರ್ಜರಿಗೆ ಬಂದಿದ್ದು ಆತನಿಂದ.

1871ರ ಸೆಪ್ಟೆಂಬರಲ್ಲಿ ವಿಕ್ಟೋರಿಯಾ ರಾಣಿಗೆ ಕಂಕುಳಲ್ಲಿ ದೊಡ್ಡ ಕುರು ಆಯ್ತು. ಬಾಲ್ಮೋರಲ್ ಅರಮನೆಗೆ ಸರ್ಜನ್ ಜೋಸೆಫ್ ಲಿಸ್ಟರ್‌ನ ಕರೆಸಿದ್ರು. ಕಾರ್ಬಾಲಿಕ್ ಆಸಿಡ್ಡಿನ ತುಂತುರು ಸಿಂಪಡಿಸ್ತಾ ಕುರು ಕೊಯ್ದು ಒಳಗೆ ಬಟ್ಟೆ ಬತ್ತಿ ಇಟ್ಟ. ತುಂತುರು ಯಂತ್ರ ಒತ್ತುತಿದ್ದ ರಾಜವೈದ್ಯ ವಿಲಿಯಂ ಜೆನ್ನರ್ ಕೈ ತಪ್ಪಿ ಸ್ವಲ್ಪ ರಾಣಿ ಮುಖಕ್ಕೇ ಹೊಡೆಯಿತಂತೆ, ರಾಣಿ ಗದರಿದಾಗ ನಾನು ಬರೀ ತಿದಿ ಒತ್ತೋನು ಅಂದನಂತೆ. ಮಾರನೇ ದಿನ ನೋಡಿದ್ರೆ ಬತ್ತಿಯೇ ಬಿರಡೆಯಾಗಿ ಕೀವು ಒಳಗೇ ನಿಂತಿದೆ. ಲಿಸ್ಟರ್ ಅದೇ ತುಂತುರು ಯಂತ್ರದ ರಬ್ಬರ್ ಕೊಳವೆಯಿಂದ ಒಂದು ತುಂಡು ಕತ್ತರಿಸಿ, ಪಕ್ಕದಲ್ಲಿ ತೂತು ಮಾಡಿ, ರಾತ್ರಿಯಿಡೀ ಕಾರ್ಬಾಲಿಕ್‌ನಲ್ಲಿ ನೆನೆಸಿಟ್ಟು ಬೆಳಿಗ್ಗೆ ಒಳಗಿಟ್ಟ. ಅದರ ಮಾರನೇ ದಿನ ಕೀವಿಲ್ಲ, ತಿಳಿ ದ್ರವ ಮಾತ್ರ. ರಾತ್ರಿಯಿಡೀ ನೆನೆಸಿದ ಅನ್ನೋದನ್ನ ಗಮನಿಸಿ. ತೆರೆದಿಟ್ಟ ತೂತು ಒಳಗಿನದು ಹೊರಗೆ ಬರೋಕೆ ಹೇಗೆ ದಾರಿಯೋ ಹೊರಗಿನ ಕೊಳೆ ಒಳಗೆ ಹೋಗೋಕೂ ಹಾಗೇ ದಾರಿ.

ಎದೆಯ ವಿಷಯ ಇನ್ನೂ ವಿಚಿತ್ರ, ಅಲ್ಲಿ ಬರೀ ಗಾಳಿ ಒಳಗೆ ಹೋದ್ರೂ ಸಾಕು ಅನಾಹುತ. ಪಕ್ಕೆಲುಬಿಗೂ ಶ್ವಾಸಕೋಶಕ್ಕೂ ನಡುವಿನ ಜಾಗದಲ್ಲಿ ಒತ್ತಡ ಹೊರಗಿನ ಗಾಳಿಗಿಂತ ಕಡಿಮೆ, ತೂತಾದ್ರೆ ಗಾಳಿ ನುಗ್ಗಿ ಶ್ವಾಸಕೋಶ ಕುಸಿದುಬಿಡುತ್ತೆ. 19ನೇ ಶತಮಾನದ ಕೊನೆಯಲ್ಲಿ ಜರ್ಮನಿಯ ಬ್ಯೂಲಾ ಎದೆಯ ಕೊಳವೆಯ ಹೊರತುದಿಯನ್ನ ನೀರಿನ ಬಾಟ್ಲಿಯಲ್ಲಿ ಮುಳುಗಿಸಿದ, ಕೀವು ಗಾಳಿ ಹೊರಗೆ ಬರುತ್ತೆ, ಗಾಳಿ ವಾಪಸ್ ಹೋಗಲ್ಲ. ಆದ್ರೂ 1918ರ ಫ್ಲೂ ಹೊತ್ತಲ್ಲಿ ಅಮೆರಿಕದ ಸೇನಾ ಶಿಬಿರಗಳಲ್ಲಿ ಎದೆಯಲ್ಲಿ ಕೀವಾದ ಸೈನಿಕರಿಗೆ ಬೇಗ ಬೇಗ ಎದೆ ತೆರೆದು ಹರಿಸ್ತಿದ್ರು, 100ಕ್ಕೆ ಸುಮಾರು 30 ಜನ ಸಾಯ್ತಿದ್ರು. ಸರ್ಜನ್ ಎವಾರ್ಟ್ಸ್ ಗ್ರಹಾಂ ಇದ್ದ ಸಮಿತಿ, ಕಾಯಿಲೆ ಜೋರಾಗಿರುವಾಗ ತೆರೀಬೇಡಿ, ಗಾಳಿ ಹೋಗದ ಹಾಗೆ ಎಳೆದು ತೆಗೀರಿ, ಕೀವು ಗಟ್ಟಿಯಾದಮೇಲೆ ತೆರೀರಿ ಅಂದಿತು, ಅದು ಪಾಲಿಸಿದ ಕಡೆ ಸಾವು 100ಕ್ಕೆ 5ರೊಳಗೆ ಇಳೀತು. ಈಗಲೂ ವಾರ್ಡಿನಲ್ಲಿ ಎದೆಗೆ ಟ್ಯೂಬು ಹಾಕಿದವರ ಮಂಚದ ಕೆಳಗೆ ಬಾಟ್ಲಿ ನೋಡಿ, ಉಸಿರಾಡಿದ ಹಾಗೆ ಕೊಳವೆಯೊಳಗಿನ ನೀರು ಮೇಲೆ ಕೆಳಗೆ ಆಡ್ತಾ ಇರುತ್ತೆ. ಆಡೋದು ನಿಂತ್ರೆ ಎರಡೇ ಅರ್ಥ, ಶ್ವಾಸಕೋಶ ಪೂರ್ತಿ ಅರಳಿದೆ, ಇಲ್ಲಾ ಟ್ಯೂಬು ಕಟ್ಟಿದೆ.

ಕೊನೇದಾಗಿ ರಕ್ತನಾಳ. 1656ರಲ್ಲಿ ಆಕ್ಸ್‌ಫರ್ಡಿನಲ್ಲಿ ಕ್ರಿಸ್ಟೋಫರ್ ರೆನ್, ಮುಂದೆ ಲಂಡನ್ನಿನ ಸೇಂಟ್ ಪಾಲ್ ಚರ್ಚು ಕಟ್ಟಿಸಿದ ಅದೇ ರೆನ್, ಗರಿಯ ದಂಟಿಗೆ ಪ್ರಾಣಿಯ ಮೂತ್ರಕೋಶ ಕಟ್ಟಿ ನಾಯಿಯ ನಾಳಕ್ಕೆ ಅಫೀಮು ಬೆರೆಸಿದ ವೈನ್ ಬಿಟ್ಟ. ಅದು ಕುತೂಹಲದ ಪ್ರಯೋಗ. ನಿಜವಾದ ಅಗತ್ಯ ಬಂದಿದ್ದು ಕಾಲರಾದಿಂದ. ರೋಗಿಗಳ ರಕ್ತದಲ್ಲಿ ನೀರು ಉಪ್ಪು ಖಾಲಿಯಾಗಿದೆ ಅಂತ ಓಶಾನೆಸ್ಸಿ ಅನ್ನೋ ಯುವಕ ಪರೀಕ್ಷೆ ಮಾಡಿ ತೋರಿಸಿದ್ದ. 1832ರಲ್ಲಿ ಸ್ಕಾಟ್ಲೆಂಡಿನ ಲೀತ್‌ನ ಡಾಕ್ಟರ್ ಥಾಮಸ್ ಲಟ್ಟಾ ಅದನ್ನ ನಂಬಿ, ಸಾವಿನಂಚಲ್ಲಿದ್ದ ಒಬ್ಬ ಮುದುಕಿಯ ತೋಳಿನ ನಾಳಕ್ಕೆ ಕೊಳವೆ ಇಟ್ಟು ಉಪ್ಪುನೀರು ತಳ್ಳೋಕೆ ಶುರು ಮಾಡಿದ. ಔನ್ಸ್ ಮೇಲೆ ಔನ್ಸ್ ಹೋದ್ರೂ ಏನೂ ಬದಲಾವಣೆ ಇಲ್ಲ. ಆಮೇಲೆ ನಿಧಾನಕ್ಕೆ ಉಸಿರು ಸರಾಗ ಆಯ್ತು, ಗುಳಿಬಿದ್ದ ಕಣ್ಣು, ಜೋತುಬಿದ್ದ ದವಡೆ ಸರಿಹೋಗಿ ಮುಖಕ್ಕೆ ಕಳೆ ಬಂತು, ಅರ್ಧ ಗಂಟೆಯಲ್ಲಿ ಆರು ಪಿಂಟ್, ಅಂದ್ರೆ ಮೂರು ಲೀಟರ್ ಮೇಲೆ ಹೋಗಿತ್ತು, ಅಜ್ಜಿ ತಮಾಷೆ ಮಾಡೋಕೂ ಶುರು ಮಾಡಿದ್ಲು, ಸ್ವಲ್ಪ ನಿದ್ದೆ ಆದ್ರೆ ಸಾಕು ಅಂದ್ಲು. ಇನ್ನು ಭಯವಿಲ್ಲ ಅಂತ ಲಟ್ಟಾ ಆಸ್ಪತ್ರೆಯ ಸರ್ಜನ್‌ಗೆ ಒಪ್ಪಿಸಿ ಹೊರಟ. ವಾಂತಿ ಭೇದಿ ಮತ್ತೆ ಶುರುವಾಗಿ ಐದೂವರೆ ಗಂಟೆಯಲ್ಲಿ ಆಕೆ ಸತ್ತುಹೋದ್ಲು. ಇನ್ನೊಮ್ಮೆ ಕೊಟ್ಟಿದ್ರೆ ಉಳೀತಿದ್ಲು ಅಂತ ಲಟ್ಟಾನೇ ಬರೆದಿದ್ದಾನೆ.

ಔಷಧಿ ಸರಿಯಾಗಿತ್ತು, ಅಳತೇನೂ ಸರಿಯಾಗಿತ್ತು, ಬಾಗಿಲು ತೆರೆದು ಇರಲಿಲ್ಲ, ಅಷ್ಟೇ. ಗಡಸು ಕೊಳವೆ ನಾಳದಲ್ಲಿ ದಿನಗಟ್ಟಲೆ ಕೂರಲ್ಲ, ಕೈ ಅಲ್ಲಾಡಿದ್ರೆ ನಾಳ ಹರಿಯುತ್ತೆ. 1950ರಲ್ಲಿ ಅಮೆರಿಕದ ಮೇಯೋ ಕ್ಲಿನಿಕ್ಕಲ್ಲಿ ಕಲೀತಿದ್ದ ಡೇವಿಡ್ ಮಾಸಾ ಸ್ಟೀಲ್ ಸೂಜಿಯ ಮೇಲೆ ಪ್ಲಾಸ್ಟಿಕ್ ಕೊಳವೆ ತೊಡಿಸೋವರೆಗೂ ಇದಕ್ಕೆ ಸುಲಭದ ಉತ್ತರ ಸಿಗಲಿಲ್ಲ.

ಕ್ಯಾನ್ಯುಲಾದ ಬಣ್ಣದ ಬಗ್ಗೆ ಒಂದು ಮಾತು. ಕಿತ್ತಳೆ 14 ಗೇಜ್, ಬೂದು 16, ಹಸಿರು 18, ಗುಲಾಬಿ 20, ನೀಲಿ 22, ಹಳದಿ 24. ನಂಬರ್ ಜಾಸ್ತಿ ಆದಷ್ಟೂ ಕೊಳವೆ ಸಣ್ಣ, ಯಾಕಂದ್ರೆ ಇದು ತಂತಿ ಎಳೆಯೋ ಕೈಗಾರಿಕೆಯಿಂದ ಬಂದ ಅಳತೆ. ಎದೆಯ ಟ್ಯೂಬಿಗೆ, ಕ್ಯಾತಿಟರ್‌ಗೆ ಪ್ಯಾರಿಸ್ಸಿನ ಉಪಕರಣ ತಯಾರಕ ಶಾರಿಯೇರ್ ಮಾಡಿದ ಫ್ರೆಂಚ್ ಅಳತೆ, ಅದರಲ್ಲಿ ನಂಬರ್ ಜಾಸ್ತಿ ಆದಷ್ಟೂ ಕೊಳವೆ ದಪ್ಪ, ಮೂರರಿಂದ ಭಾಗಿಸಿದ್ರೆ ಮಿಲಿಮೀಟರ್ ಸಿಗುತ್ತೆ. ಒಂದೇ ಟ್ರೇಯಲ್ಲಿ ಎರಡು ಉಲ್ಟಾ ಲೆಕ್ಕ, ಪರೀಕ್ಷೆ ಬರೆಯೋ ಹುಡುಗರ ಶಾಪ ಎಲ್ಲ ಇದಕ್ಕೇ. ಇನ್ನು ಹರಿವು. ಫ್ರಾನ್ಸಿನ ವೈದ್ಯ ಪ್ವಾಸೆಯ್ 1840ರ ದಶಕದಲ್ಲಿ ತೋರಿಸಿದ ಹಾಗೆ ಕೊಳವೆಯ ಅಗಲ ಎರಡರಷ್ಟಾದ್ರೆ ಹರಿವು ಹದಿನಾರು ಪಟ್ಟು, ಉದ್ದ ಎರಡರಷ್ಟಾದ್ರೆ ಹರಿವು ಅರ್ಧ. ಅದಕ್ಕೇ ಆಕ್ಸಿಡೆಂಟ್ ಆಗಿ ರಕ್ತ ಸುರಿಯೋರಿಗೆ ಕುತ್ತಿಗೆಯ ನಾಳಕ್ಕೆ ಹಾಕೋ ಉದ್ದನೆ ತೆಳು ಕೊಳವೆಗಿಂತ ಮೊಣಕೈ ಹತ್ರ ಎರಡು ಗಿಡ್ಡ ದಪ್ಪ ಕ್ಯಾನ್ಯುಲಾ ಹಾಕೋದು ವಾಸಿ. ಕಿತ್ತಳೆಯದರಲ್ಲಿ ನಿಮಿಷಕ್ಕೆ ಸುಮಾರು 250 ಮಿಲಿಲೀಟರ್ ಹೋದ್ರೆ ನೀಲಿಯದರಲ್ಲಿ 35ರ ಆಸುಪಾಸು.

ಪ್ರಶ್ನೆ: ಕ್ಯಾನ್ಯುಲಾ ಮೂರು ದಿನಕ್ಕೊಮ್ಮೆ ಬದಲಾಯಿಸಲೇಬೇಕಾ?

ಮೊದಲು ಹಾಗೇ ಇತ್ತು, 72ರಿಂದ 96 ಗಂಟೆ ಅಂತ. 2012ರಲ್ಲಿ ಪ್ರಕಟವಾದ ಆಸ್ಟ್ರೇಲಿಯಾದ ದೊಡ್ಡ ಅಧ್ಯಯನವೊಂದು ದೊಡ್ಡವರಲ್ಲಿ ಗಡಿಯಾರ ನೋಡಿ ಬದಲಾಯಿಸಿದ್ರೂ, ತೊಂದರೆ ಕಂಡಾಗ ಬದಲಾಯಿಸಿದ್ರೂ ನಾಳ ಊದೋದರಲ್ಲಿ ವ್ಯತ್ಯಾಸ ಇಲ್ಲ ಅಂತ ತೋರಿಸ್ತು. ಆಸ್ಪತ್ರೆಯಿಂದ ಆಸ್ಪತ್ರೆಗೆ ನಿಯಮ ಬೇರೆ ಇರುತ್ತೆ. ಆದ್ರೆ ದಿನಾ ನೋಡಲೇಬೇಕು. ಕೆಂಪಾಗಿದ್ರೆ, ಊದಿದ್ರೆ, ನೋವಿದ್ರೆ ತಕ್ಷಣ ಹೇಳಿ. ಇಂಜೆಕ್ಷನ್ ನಿಂತು ಮಾತ್ರೆ ಶುರುವಾಗಿದ್ರೆ ಇದು ಇನ್ನೂ ಯಾಕಿದೆ ಅಂತ ಕೇಳಿ, ಕೇಳೋಕೆ ಸಂಕೋಚ ಬೇಡ.

ಪ್ರಶ್ನೆ: ಗಂಟಲಿಗೆ ಟ್ಯೂಬು ಹಾಕಿದಮೇಲೆ ಮಾತು ಯಾಕೆ ಬರಲ್ಲ?

ಧ್ವನಿತಂತು ಇರೋದು ಮೇಲೆ, ತೂತು ಇರೋದು ಅದರ ಕೆಳಗೆ. ಉಸಿರು ಕೆಳಗಿನಿಂದಲೇ ಹೊರಗೆ ಹೋಗುತ್ತೆ, ತಂತು ಅಲುಗಾಡಲ್ಲ. ಇದಕ್ಕೆ ಒಂದು ಪುಟ್ಟ ಕವಾಟ ಇದೆ, ಉಸಿರು ತಗೊಳ್ಳುವಾಗ ತೆರೆಯುತ್ತೆ, ಬಿಡುವಾಗ ಮುಚ್ಚುತ್ತೆ, ಗಾಳಿ ಬೇರೆ ದಾರಿಯಿಲ್ಲದೆ ಮೇಲೆ ಹೋಗಿ ಧ್ವನಿ ಬರುತ್ತೆ. 1980ರ ದಶಕದಲ್ಲಿ ಅದನ್ನ ಮಾಡಿದವನು ಡಾಕ್ಟರ್ ಅಲ್ಲ, ಸ್ನಾಯು ಸವೆಯೋ ಕಾಯಿಲೆಯಿಂದ ತಾನೇ ಟ್ರಾಕಿಯಾಸ್ಟಮಿ ಹಾಕಿಸ್ಕೊಂಡು ವೆಂಟಿಲೇಟರಲ್ಲಿದ್ದ ಡೇವಿಡ್ ಮ್ಯೂರ್ ಅನ್ನೋ ಯುವಕ. ಆದ್ರೆ ಮನೇಲಿ ನೋಡ್ಕೊಳ್ಳೋರು ಒಂದು ನೆನಪಿಡಿ, ಟ್ಯೂಬಿನ ಸುತ್ತ ಬಲೂನ್ ಇದ್ರೆ ಅದರ ಗಾಳಿ ಪೂರ್ತಿ ತೆಗೆದಮೇಲೇ ಆ ಕವಾಟ ಹಾಕಬೇಕು, ಇಲ್ಲಾಂದ್ರೆ ಒಳಗೆ ಹೋದ ಉಸಿರಿಗೆ ಹೊರಗೆ ಬರೋಕೆ ದಾರಿಯೇ ಇರಲ್ಲ.